ಕೊನೆಯ ಬೆಂಚಿಗೆ ತಲುಪದ ಸಮಾಧಾನ

ಹೋದ ವರ್ಷ ಜುಲೈ ತಿಂಗಳ ಮೊದಲ ಭಾನುವಾರ ನಾನೊಂದು ತಪ್ಪು ಮಾಡಿದೆ. ಹತ್ತು ಸೆಕೆಂಡಿನ ತಪ್ಪು. ಮೂವರು ಹುಡುಗಿಯರನ್ನು ಬಿಟ್ಟರೆ ಬೇರೆ ಯಾರೂ ಅದನ್ನು ಗಮನಿಸಲಿಲ್ಲ. ಅದನ್ನು ಸರಿ ಮಾಡೋಕೆ ಹೆಚ್ಚುಕಡಿಮೆ ಒಂದು ವರ್ಷ ಹಿಡೀತು. ಪೂರ್ತಿ ಸರಿಯಾಗಿದೆ ಅಂತ ಈಗಲೂ ಹೇಳಲಾರೆ.

ನಾನು ಸಾಫ್ಟ್‌ವೇರ್ ಎಂಜಿನಿಯರ್. ಊರು ಗದಗ ಪಕ್ಕದ ಬೆಟಗೇರಿ, ಕೆಲಸ ಬೆಂಗಳೂರಲ್ಲಿ. ಭಾನುವಾರ ಬೆಳಿಗ್ಗೆ ಎಂಟಕ್ಕೆ ಹೊಸೂರು ರಸ್ತೆ ಕಡೆಯ ಒಂದು ಚಿಕ್ಕ ಕನ್ನಡ ಚರ್ಚಿಗೆ ಹೋಗ್ತೀನಿ. ನೂರಿಪ್ಪತ್ತು ಜನ ಬಂದರೆ ತುಂಬಿಹೋಗುವಷ್ಟು ಜಾಗ. ನಾವು ಚರ್ಚ್ ಆಫ್ ಸೌತ್ ಇಂಡಿಯಾಕ್ಕೆ ಸೇರಿದವರು, ಅಂದರೆ ಸಿಎಸ್‌ಐ. ದೇಶಕ್ಕೆ ಸ್ವಾತಂತ್ರ್ಯ ಬಂದು ಆರು ವಾರಕ್ಕೆ, 1947ರ ಸೆಪ್ಟೆಂಬರ್ 27ರಂದು, ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಶುರುವಾದ ಸಭೆ ಇದು. ಅಲ್ಲಿಯವರೆಗೆ ಬೇರೆ ಬೇರೆಯಾಗಿದ್ದ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಪಂಥದವರು ಸೇರಿ ಒಂದಾದರು. ಅಂದರೆ ಬೇರೆಯವರನ್ನು ಸೇರಿಸಿಕೊಳ್ಳೋದರಿಂದಲೇ ಹುಟ್ಟಿದವರು ನಾವು.

ನಮ್ಮಲ್ಲಿ ತಿಂಗಳ ಮೊದಲ ಭಾನುವಾರ ಸಂಸ್ಕಾರದ ಆರಾಧನೆ. ಅದರಲ್ಲಿ 'ಸಮಾಧಾನ' ಕೊಡುವ ಒಂದು ಪದ್ಧತಿ ಇದೆ. ರೊಟ್ಟಿ, ದ್ರಾಕ್ಷಾರಸ ಹಂಚುವ ಮೊದಲು ಅಯ್ಯನವರು (ಪಾದ್ರಿಯವರನ್ನು ನಾವು ಕರೆಯೋದು ಹೀಗೆ) ಜೋಡಿಸಿದ ತಮ್ಮ ಅಂಗೈಗಳ ನಡುವೆ ಪಕ್ಕದವರ ಕೈ ಹಿಡಿದು ದೇವರ ಸಮಾಧಾನ ಹೇಳ್ತಾರೆ. ಅವರು ಇನ್ನೊಬ್ಬರಿಗೆ, ಆ ಇನ್ನೊಬ್ಬರು ಮತ್ತೊಬ್ಬರಿಗೆ. ಹೀಗೆ ಕೈಯಿಂದ ಕೈಗೆ ಅದು ಚರ್ಚಿನ ಕೊನೆಯ ಬೆಂಚಿನವರೆಗೆ ಹೋಗಬೇಕು. ಕೇರಳದ ಸಿರಿಯನ್ ಕ್ರೈಸ್ತರಲ್ಲಿ ಮೊದಲಿಂದ ಇದ್ದ ಈ ಪದ್ಧತಿಯನ್ನು ಸಿಎಸ್‌ಐ ತನ್ನ ಆರಾಧನಾ ಕ್ರಮಕ್ಕೆ ತಂದುಕೊಂಡಿತು. ಚಿಕ್ಕವಳಿದ್ದಾಗಿಂದ ನನಗೆ ಆರಾಧನೆಯಲ್ಲಿ ತುಂಬಾ ಇಷ್ಟವಾದ ಭಾಗ ಇದೇ.

ಆ ದಿನ ನಾನು ಕೊನೆಯಿಂದ ಎರಡನೇ ಬೆಂಚಿನಲ್ಲಿದ್ದೆ. ನನ್ನ ಹಿಂದಿನ ಬೆಂಚಿನಲ್ಲಿ ಮೂವರು ಹುಡುಗಿಯರು. ಎರಡು ತಿಂಗಳಿಂದ ಬರ್ತಿದ್ದರು. ಆರಾಧನೆ ಶುರುವಾದ ಮೇಲೆ ಬಂದು, ಮುಗಿಯೋ ಮೊದಲೇ ಎದ್ದು ಹೋಗೋರು. ಉತ್ತರದ ಕಡೆಯವರು ಅಂತ ನೋಡಿದರೆ ಗೊತ್ತಾಗ್ತಿತ್ತು. ಪಕ್ಕದ ಆಂಟಿ ನನಗೆ ಸಮಾಧಾನ ಕೊಟ್ಟರು. ನಾನು ಹಿಂದೆ ತಿರುಗಿದೆ. ಮೂವರಲ್ಲಿ ದೊಡ್ಡವಳು ಆಗಲೇ ಕೈ ಜೋಡಿಸಿ ಮುಂದೆ ಚಾಚಿದ್ದಳು.

ನಾನು ನಕ್ಕೆ. ತಲೆಯಾಡಿಸಿದೆ. ಮುಂದೆ ತಿರುಗಿ ಕೂತೆ.

ಯಾಕೆ ಹಾಗೆ ಮಾಡಿದೆ ಅಂತ ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದೀನಿ. ಅವರ ಮೇಲೆ ದ್ವೇಷ ಇರಲಿಲ್ಲ, ಅಸಹ್ಯ ಇರಲಿಲ್ಲ. ಇವರು ನೋಡೋಕೆ ಬಂದವರು, ಸಭೆಯವರಲ್ಲ ಅಂತ ನನ್ನ ತಲೆ ನನ್ನನ್ನು ಕೇಳದೇ ತೀರ್ಮಾನ ಮಾಡಿಬಿಟ್ಟಿತ್ತು, ಅಷ್ಟೇ. ತಿರುಗುವಾಗ ಕಣ್ಣಂಚಿನಲ್ಲಿ ಕಂಡದ್ದು, ಅವಳು ಚಾಚಿದ ಕೈಯನ್ನು ನಿಧಾನವಾಗಿ ಹಿಂದಕ್ಕೆ ತಗೊಂಡು ಮಡಿಲಲ್ಲಿ ಇಟ್ಟುಕೊಂಡದ್ದು. ಮುಂದಿನ ಭಾನುವಾರ ಆ ಬೆಂಚು ಖಾಲಿ ಇತ್ತು. ಅದರ ಮುಂದಿನ ಭಾನುವಾರವೂ.

ಇದರಲ್ಲಿ ನಾಚಿಕೆಪಡೋ ಇನ್ನೊಂದು ವಿಷಯ ಇದೆ. ಆಗ ನಾನು ನಮ್ಮ ಚರ್ಚಿನ ಸ್ವಾಗತ ತಂಡದ ಮುಖ್ಯಸ್ಥೆ! ತಂಡ ಕಟ್ಟಿದ್ದೂ ನಾನೇ. ಬಾಗಿಲ ಹತ್ತಿರ ಕ್ಯೂಆರ್ ಕೋಡ್ ಅಂಟಿಸಿದ್ದೆ. ಸ್ಕ್ಯಾನ್ ಮಾಡಿದರೆ ಗೂಗಲ್ ಫಾರ್ಮ್ ಬರುತ್ತೆ: ಹೆಸರು, ಫೋನ್ ನಂಬರ್, ಯಾವ ಏರಿಯಾ, ಪ್ರಾರ್ಥನೆ ಬೇಕಾದ ವಿಷಯ. ಹೊಸಬರಿಗೊಂದು ವಾಟ್ಸಾಪ್ ಗ್ರೂಪ್. ಎಷ್ಟು ಜನ ಬಂದರು, ಎಷ್ಟು ಜನ ಮತ್ತೆ ಬಂದರು ಅನ್ನೋದಕ್ಕೆ ಒಂದು ಶೀಟ್. ಆಫೀಸಿನಲ್ಲಿ ಯಾವುದಕ್ಕಾದರೂ ಡ್ಯಾಶ್‌ಬೋರ್ಡ್ ಮಾಡಿ ಮಾಡಿ ಅಭ್ಯಾಸ. ಆ ಮೂವರು ಎರಡು ತಿಂಗಳು ಬಂದುಹೋದರೂ ನನ್ನ ಶೀಟಿನಲ್ಲಿ ಅವರ ಹೆಸರಿರಲಿಲ್ಲ. ಅವರು ಫಾರ್ಮ್ ತುಂಬಿರಲಿಲ್ಲ, ನಾನು ಹೆಸರು ಕೇಳಿರಲಿಲ್ಲ.

ಹೊಸಬಳಾಗಿ ಕೂರೋದು ಹೇಗಿರುತ್ತೆ ಅಂತ ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿಗೆ ಬಂದ ಹೊಸದರಲ್ಲಿ ನಾನಿದ್ದ ಪಿಜಿ ಹತ್ತಿರ ಒಂದು ದೊಡ್ಡ ಇಂಗ್ಲಿಷ್ ಚರ್ಚಿಗೆ ಹೋಗ್ತಿದ್ದೆ. ಐದು ವಾರ ಯಾರೂ ಮಾತಾಡಿಸಲಿಲ್ಲ. ಆರನೇ ವಾರ ಕನ್ನಡದ ಒಬ್ಬ ಹಿರಿಯರು ಸಿಕ್ಕರು. ಖುಷಿಯಾಯ್ತು. ಅವರ ಮೊದಲ ಪ್ರಶ್ನೆ, "ನೀವು ಯಾರ ಪೈಕಿ?" ನಮ್ಮ ಕಡೆ ಈ ಪ್ರಶ್ನೆಗೆ ಯಾವ ಮನೆತನ, ಯಾರ ನೆಂಟರು ಅನ್ನೋ ಅರ್ಥ ಇದೆ. ಅದರ ಕೆಳಗೆ ಇನ್ನೊಂದು ಅರ್ಥವೂ ಇದೆ. ಕ್ರೈಸ್ತರಾದ ಮೇಲೆ ಜಾತಿ ಹೋಯ್ತು ಅಂತ ನಾವು ಹೇಳ್ತೀವಿ, ಮದುವೆ ಮಾತು ಬಂದಾಗ ಎಲ್ಲಿತ್ತೋ ಅಲ್ಲಿಂದ ಎದ್ದು ಬರುತ್ತೆ. ನನ್ನ ಉತ್ತರ ಕೇಳಿ ಅವರ ಮುಖ ಸ್ವಲ್ಪ ಬದಲಾಯ್ತು. ಏಳನೇ ವಾರ ನಾನು ಹೋಗಲಿಲ್ಲ.

ಅಷ್ಟು ಗೊತ್ತಿದ್ದವಳೇ ಹೀಗೆ ಮಾಡಿದೆ.

ಅವ್ವನಿಗೆ ಫೋನ್‌ನಲ್ಲಿ ಎಲ್ಲಾ ಹೇಳಿದೆ. ಅವ್ವ ಸಮಾಧಾನ ಮಾಡ್ತಾಳೆ ಅಂದುಕೊಂಡಿದ್ದೆ. ಮಾಡಲಿಲ್ಲ. "ಚರ್ಚಿನ್ಯಾಗ ಕುಂತು ದೇವರ ಮುಂದ ತಪ್ಪಾತು ಅಂದ್ರ ಆಗೂದಿಲ್ಲ. ಅವರಿದ್ದಲ್ಲಿ ಹೋಗಿ ಅವರಿಗೆ ಹೇಳು" ಅಂದಳು.

ಎಲ್ಲಿ ಅಂತ ಹುಡುಕೋದು? ನಮ್ಮ ಚರ್ಚಿನ ಬಾಗಿಲು ತೆಗೆಯೋ, ಗಂಟೆ ಹೊಡೆಯೋ ಅಣ್ಣನನ್ನು ಕೇಳಿದೆ. ಅವನಿಗೆ ಎಲ್ಲಾ ಗೊತ್ತಿತ್ತು. ಗಾರ್ಮೆಂಟ್ಸ್ ಹುಡುಗಿಯರು, ಹಿಂದಿನ ರಸ್ತೆಯ ಹಾಸ್ಟೆಲ್‌ನಲ್ಲಿ ಇದ್ದಾರೆ, ಜಾರ್ಖಂಡ್‌ನವರು, ಭಾನುವಾರ ಮಾತ್ರ ಹೊರಗೆ ಬಿಡೋದು ಅಂದ. "ನೀವು ಯಾವತ್ತೂ ಕೇಳಲಿಲ್ವಲ್ಲ ಮೇಡಂ" ಅಂತಲೂ ಅಂದ.

ಅವರು ಆಗಾಗ ತಡವಾಗಿ ಬಂದು ಬೇಗ ಹೋಗೋದಕ್ಕೆ ಕಾರಣ ಆವಾಗ ಗೊತ್ತಾಯ್ತು. ಗೇಟಿನಲ್ಲಿ ರಿಜಿಸ್ಟರ್‌ಗೆ ಸಹಿ ಹಾಕಿ ಹೊರಬರಬೇಕು, ಹೇಳಿದ ಹೊತ್ತಿಗೆ ವಾಪಸ್ ಹೋಗಬೇಕು. ಆ ಮಧ್ಯದಲ್ಲೇ ತರಕಾರಿ, ಸೋಪು, ಫೋನ್ ರೀಚಾರ್ಜ್, ಊರಿಗೆ ದುಡ್ಡು ಕಳಿಸೋದು, ಎಲ್ಲಾ. ಅಂಥ ಸಮಯದಲ್ಲಿ ಒಂದೂವರೆ ಗಂಟೆ ತೆಗೆದು ಅವರು ನಮ್ಮ ಕೊನೆಯ ಬೆಂಚಿಗೆ ಬರ್ತಿದ್ದರು.

ಒಂದು ಭಾನುವಾರ ಬೀದಿ ಬದಿಯ ಸಂತೆಯಲ್ಲಿ ಅವರು ಸಿಕ್ಕರು. ದೊಡ್ಡವಳು ಟೊಮೇಟೊ ಆರಿಸ್ತಿದ್ದಳು. ನನ್ನ ಹಿಂದಿ ಅಷ್ಟಕ್ಕಷ್ಟೇ. ಆದರೂ ಹೇಳಿದೆ: ಅವತ್ತು ನಿನ್ನ ಕೈ ನೋಡಿಯೂ ನಾನು ತಿರುಗಿಬಿಟ್ಟೆ, ತಪ್ಪು ನನ್ನದು. ಪಕ್ಕದಲ್ಲಿ ತರಕಾರಿಯವನು ರೇಟು ಕೂಗ್ತಿದ್ದ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮೂರ ಚರ್ಚಿನಲ್ಲೂ ಹೊಸಬರನ್ನ ಹೀಗೇ ನೋಡ್ತೀವಿ ದೀದಿ" ಅಂದಳು. ಅದು ಕ್ಷಮೆಯೋ ಅಲ್ಲವೋ ಗೊತ್ತಾಗಲಿಲ್ಲ.

ನಾನೊಂದು ಪ್ರಶ್ನೆ ಕೇಳಿದೆ. ಬೆಂಗಳೂರಲ್ಲಿ ಹಿಂದಿಯಲ್ಲಿ ಆರಾಧನೆ ನಡೆಯೋ ಕಡೆಯೂ ಇದೆ, ಭಾಷೆ ಬಾರದ ನಮ್ಮ ಕನ್ನಡ ಚರ್ಚಿಗೆ ಯಾಕೆ ಬರ್ತಿದ್ದಿರಿ? ಹತ್ತಿರ ಇದೆ ಅಂತಾಳೆ ಅಂದುಕೊಂಡೆ. ಅವಳು ಹೇಳಿದ್ದು ಬೇರೆ.

"ಫ್ಯಾಕ್ಟರಿಯಲ್ಲಿ ನಮಗೆ ಸಿಕ್ಕಿರೋ ಕನ್ನಡ ಇಷ್ಟೇ ದೀದಿ. ಬೇಗ ಬೇಗ. ಯಾಕೆ ಲೇಟು. ಪೀಸ್ ಎಷ್ಟಾಯ್ತು. ಬೈಯೋಕೆ ಮಾತ್ರ ಇರೋ ಭಾಷೆ ಇದು ಅಂತ ಮಾಡಿದ್ವಿ. ನಿಮ್ಮ ಚರ್ಚಿನಲ್ಲಿ ಬೈಯದ ಕನ್ನಡ ಕೇಳಿಸ್ತು. ಅರ್ಥ ಆಗ್ತಿರಲಿಲ್ಲ. ಕೇಳ್ತಾ ಕೂರೋಕೆ ಚೆನ್ನಾಗಿತ್ತು."

ಮನೆಗೆ ಬಂದು ಎಷ್ಟೋ ಹೊತ್ತು ಈ ಮಾತನ್ನೇ ಯೋಚಿಸ್ತಾ ಕೂತಿದ್ದೆ.

ಅಯ್ಯನವರಿಗೆ ಹೇಳಿದಾಗ ಅವರು ಉಪದೇಶ ಮಾಡಲಿಲ್ಲ. ಅಪೊಸ್ತಲರ ಕೃತ್ಯಗಳ ಆರನೇ ಅಧ್ಯಾಯ ಇನ್ನೊಂದು ಸಲ ಓದಮ್ಮ ಅಂದರು. ಭಾನುವಾರ ಶಾಲೆಯಲ್ಲಿ ಓದಿದ್ದೆ, ಮರೆತಿದ್ದೆ. ಜೆರುಸಲೇಮಿನ ಆ ಮೊದಲ ಸಭೆಯಲ್ಲಿ ಎರಡು ಭಾಷೆಯವರಿದ್ದರು: ಗ್ರೀಕ್ ಮಾತಾಡೋರು, ಇಬ್ರಿಯ ಮಾತಾಡೋರು. ದಿನಾ ಊಟ ಬಡಿಸುವಾಗ ನಮ್ಮ ಕಡೆಯ ವಿಧವೆಯರನ್ನು ಬಿಟ್ಟುಬಿಡ್ತಾರೆ ಅಂತ ಗ್ರೀಕ್ ಮಾತಾಡೋರು ದೂರಿದರು. ಕ್ರೈಸ್ತ ಸಭೆಯ ಚರಿತ್ರೆ ಶುರುವಾದ ಸ್ವಲ್ಪ ದಿನಕ್ಕೇ ಭಾಷೆ ಮತ್ತು ಊಟದ ಜಗಳ! ಅಪೊಸ್ತಲರು ಇದಕ್ಕೆ ಏನು ಮಾಡಿದರು? ಏಳು ಜನರನ್ನು ಆರಿಸೋಕೆ ಸಭೆಯವರಿಗೇ ಹೇಳಿ, ಆರಿಸಿದವರಿಗೆ ಬಡಿಸುವ ಕೆಲಸ ಒಪ್ಪಿಸಿದರು. ಆ ಏಳೂ ಹೆಸರುಗಳು ಗ್ರೀಕ್ ಹೆಸರುಗಳು.

"ಕಂಪ್ಲೇಂಟ್ ಮಾಡಿದವರ ಕಡೆಗೇ ಸೌಟು ಕೊಟ್ಟರು, ನೋಡು" ಅಂದರು ಅಯ್ಯನವರು.

ವಿಷಯ ಕಮಿಟಿಗೆ ಹೋಯ್ತು. ಅಲ್ಲಿ ನಮ್ಮ ಖಜಾಂಚಿ ಅಂಕಲ್ ಇದ್ದಾರೆ, ಎಪ್ಪತ್ತು ದಾಟಿದವರು. ಕೈ ಎತ್ತಿ ನಿಧಾನವಾಗಿ ಮಾತಾಡಿದರು. "ಈ ಊರಲ್ಲಿ ಇಂಗ್ಲಿಷ್ ಆರಾಧನೆಗೆ ಜಾಗ ಹುಡುಕಬೇಕಾಗಿಲ್ಲ. ಕನ್ನಡ ಆರಾಧನೆಗೆ ನಾವು ಶಾಲೆಯ ಹಾಲ್‌ನಲ್ಲಿ ಮಕ್ಕಳ ಬೆಂಚಿನ ಮೇಲೆ ವರ್ಷಗಟ್ಟಲೆ ಕೂತಿದೀವಿ. ಈ ಗೋಡೆಗೆ ಇಟ್ಟಿಗೆ ಹೊತ್ತಿದೀನಮ್ಮ ನಾನು. ಇವತ್ತು ಒಂದು ಹಿಂದಿ ಹಾಡು ಅಂತೀಯ, ನಾಳೆ ಎಂಟು ಗಂಟೆಯ ಆರಾಧನೆಯೇ ಹಿಂದಿ ಆಗುತ್ತೆ. ನಾವೆಲ್ಲಿಗೆ ಹೋಗೋದು?"

ಕೆಲವರಿಗೆ ಇದು ಹಳೆ ತಲೆಯ ಮಾತು ಅನಿಸಿರಬಹುದು. ನನಗೆ ಹಾಗನಿಸಲಿಲ್ಲ. ಮನೆ ಕಟ್ಟಿದವರಿಗೇ ಮನೆ ಕಳೆದುಹೋಗುತ್ತೆ ಅನ್ನೋ ಭಯ ಇರೋದು. ಅದನ್ನು ತಳ್ಳಿಹಾಕಿ ಕಟ್ಟುವ ಸ್ವಾಗತ ಎಷ್ಟು ದಿನ ನಿಲ್ಲುತ್ತೆ? ನಾನು ವಾದ ಮಾಡಲಿಲ್ಲ. ಸಂತೆಯಲ್ಲಿ ಅವಳು ಹೇಳಿದ್ದನ್ನು ಹಾಗೇ ಹೇಳಿದೆ. ಬೇಗ ಬೇಗ, ಯಾಕೆ ಲೇಟು, ಪೀಸ್ ಎಷ್ಟಾಯ್ತು. ಅಂಕಲ್ ಕನ್ನಡಕ ತೆಗೆದು ಒರೆಸಿಕೊಂಡರು. "ಅಷ್ಟೇನಾ ಅವರಿಗೆ ಗೊತ್ತಿರೋ ಕನ್ನಡ?" ಅಂದರು. ಅವತ್ತು ಯಾವ ತೀರ್ಮಾನವೂ ಆಗಲಿಲ್ಲ. ಆದರೆ ಆ ಸಭೆಯಾದ ಮೇಲೆ ಅವರು ನನ್ನನ್ನು ಕರೆದು, "ಆರಾಧನೆ ಪುಸ್ತಕ ಅವರು ಓದೋ ಹಾಗೆ ಮಾಡೋಕೆ ಆಗುತ್ತಾ? ಕನ್ನಡನೇ ಇರಬೇಕು, ಅಕ್ಷರ ಮಾತ್ರ ಬೇರೆ" ಅಂದರು.

ಅದು ನನಗೆ ಗೊತ್ತಿರೋ ಕೆಲಸ. ಯೂನಿಕೋಡ್‌ನಲ್ಲಿ ನಮ್ಮ ದೇಶದ ಹಲವು ಲಿಪಿಗಳನ್ನು ಒಂದೇ ಕ್ರಮದಲ್ಲಿ ಜೋಡಿಸಿದ್ದಾರೆ. ದೇವನಾಗರಿಯ 'ಕ' ಇರುವ ಸಂಖ್ಯೆಗೆ 896 ಕೂಡಿಸಿದರೆ ಕನ್ನಡದ 'ಕ' ಸಿಗುತ್ತೆ. 'ಮ' ಆದರೂ ಅಷ್ಟೇ, 'ಸ' ಆದರೂ ಅಷ್ಟೇ. ಹಾಗಾಗಿ ಕನ್ನಡದಿಂದ ದೇವನಾಗರಿಗೆ ತರೋ ಪ್ರೋಗ್ರಾಂ ಹತ್ತು ಸಾಲಿನದ್ದು. ರಾತ್ರಿ ಕೂತು ಬರೆದೆ, ಪ್ರಿಂಟ್ ತೆಗೆದೆ, ಹೆಮ್ಮೆಯಿಂದ ಕೊಟ್ಟೆ. ದೊಡ್ಡವಳು ಓದೋಕೆ ಹೋಗಿ ಎರಡನೇ ಪದಕ್ಕೇ ನಿಂತಳು. ನಮ್ಮ ಹ್ರಸ್ವ 'ಎ', ಹ್ರಸ್ವ 'ಒ' ಹಿಂದಿ ಓದೋರಿಗೆ ಗೊತ್ತಿಲ್ಲ. 'ಳ' ಕೂಡ ಹೊಸದು. ಆ ಅಕ್ಷರಗಳು ಅವಳಿಗೆ ಯಾವುದೋ ಚಿಹ್ನೆಯ ಹಾಗೆ ಕಂಡವು. ಮುಂದಿನ ವಾರ ಅವಳು ಎಂಟೂ ಪುಟ ಪೆನ್ಸಿಲ್‌ನಲ್ಲಿ ತಿದ್ದಿ ತಂದಳು. ಎಲ್ಲಿ ಉಸಿರು ತಗೋಬೇಕು ಅಂತಲೂ ಗೆರೆ ಎಳೆದಿದ್ದಳು. ಈಗ ನಮ್ಮ ಬೆಂಚುಗಳಲ್ಲಿರೋದು ಅವಳು ತಿದ್ದಿದ ಪ್ರತಿ.

ಇಷ್ಟಾದ ಮೇಲೆ ನನಗೆ ಉತ್ಸಾಹ ಜಾಸ್ತಿಯಾಯ್ತು. ಇನ್ನೊಂದು ತಪ್ಪು ಮಾಡಿದೆ. ಸುಗ್ಗಿ ಹಬ್ಬ ಬರ್ತಿತ್ತು. ಅವತ್ತು ಜನ ತರಕಾರಿ, ಹಣ್ಣು, ಕೋಳಿ, ಕೇಕು ತರ್ತಾರೆ, ಆರಾಧನೆ ಮುಗಿದ ಮೇಲೆ ಹರಾಜು, ಆಮೇಲೆ ಊಟ. ನಿಮ್ಮೂರ ಉಡುಪು ಹಾಕಿಕೊಂಡು ಒಂದು ಡ್ಯಾನ್ಸ್ ಮಾಡ್ತೀರಾ ಅಂತ ಅವರನ್ನು ಕೇಳಿದೆ. ಮೂವರೂ ಮುಖ ಮುಖ ನೋಡಿಕೊಂಡರು. ಚಿಕ್ಕವಳು, ಅಲ್ಲಿಯವರೆಗೆ ನನ್ನ ಹತ್ತಿರ ಬಾಯಿ ಬಿಡದವಳು, ಹೇಳಿದಳು: "ಕುಣಿಯೋದು ಇರಲಿ ದೀದಿ. ಗೋಡೆ ಮೇಲೆ ಒಂದು ಲಿಸ್ಟ್ ಇದೆಯಲ್ಲ, ಯಾವ ವಾರ ಯಾರು ಹೂವು, ಯಾರು ಗುಡಿಸೋದು, ಯಾರು ಪಾತ್ರೆ ಅಂತ. ಅದರಲ್ಲಿ ನಮ್ಮ ಹೆಸರು ಹಾಕಿ."

ಆ ಲಿಸ್ಟ್ ಮಾಡೋಳು ನಾನೇ. ಅದನ್ನೂ ಶೀಟ್‌ನಲ್ಲಿ ಮಾಡಿ ಪ್ರಿಂಟ್ ಹಾಕ್ತೀನಿ. ಹೊಸಬರನ್ನು ಸ್ಟೇಜ್ ಹತ್ತಿಸಿ ಚಪ್ಪಾಳೆ ಹೊಡೆಯೋದು ನಮಗೆ ಸುಲಭ. ಅವರು ಆಗ ಅತಿಥಿಗಳಾಗಿಯೇ ಉಳೀತಾರೆ. ಮನೆಯವರ ಹೆಸರು ಇರೋದು ಪಾತ್ರೆ ತೊಳೆಯೋ ಪಟ್ಟಿಯಲ್ಲಿ. ಸುಗ್ಗಿ ಹಬ್ಬದ ದಿನ ಮೂವರೂ ಸಾರಿನ ಬಕೆಟ್ ಹಿಡಿದು ಸಾಲಿನಲ್ಲಿ ಬಡಿಸಿದರು. "ಬೇಗ ಬೇಗ" ಅಂತ ಚಿಕ್ಕವಳು ನಮ್ಮ ಅಂಕಲ್‌ಗಳಿಗೇ ಹೇಳ್ತಿದ್ದಳು. ಎಲ್ಲರೂ ನಕ್ಕರು.

ಹಬ್ಬದ ಮರುವಾರ ಖಜಾಂಚಿ ಅಂಕಲ್ ಯಾರನ್ನೂ ಕೇಳದೆ ಒಂದು ಕೆಲಸ ಮಾಡಿದರು. ಕಾಣಿಕೆ ಎಣಿಸೋಕೆ ನಮ್ಮಲ್ಲಿ ಯಾವಾಗಲೂ ಇಬ್ಬರು ಕೂರಬೇಕು. ಅವರ ಜೊತೆ ಕೂರೋಕೆ ದೊಡ್ಡವಳನ್ನು ಕರೆದರು. ದುಡ್ಡಿನ ಮೇಜಿಗೆ ನನ್ನನ್ನು ಕರೆಯೋಕೆ ನಮ್ಮ ಚರ್ಚಿಗೆ ಮೂರು ವರ್ಷ ಬೇಕಾಗಿತ್ತು.

ಆ ಮೇಜಿನಲ್ಲೇ ನಮಗೆ ಇನ್ನೊಂದು ವಿಷಯ ಗೊತ್ತಾದದ್ದು. ಅಂಕಲ್ ಚಿಲ್ಲರೆಯನ್ನು "ಒಂದು, ಎರಡು, ಮೂರು" ಅಂತ ಎಣಿಸ್ತಿದ್ದರು. ಅವಳು ಥಟ್ಟನೆ, "ನಮ್ಮಲ್ಲಿ ಮೂರಕ್ಕೆ ಮೂಂದ್, ನಾಲ್ಕಕ್ಕೆ ನಾಖ್" ಅಂದಳು. ಅವರು ಉರಾಂವ್ ಸಮುದಾಯದವರು, ಮನೆಮಾತು ಕುಡುಖ್. ಹಿಂದಿ ಶಾಲೆಯಲ್ಲಿ ಕಲಿತದ್ದು. ನಾವು ಅವರನ್ನು ಹಿಂದಿಯವರು ಅಂತ ಕರೀತಿದ್ವಿ! ಕುಡುಖ್ ದ್ರಾವಿಡ ಭಾಷೆ, ಕನ್ನಡದ ದೂರದ ನೆಂಟ. ಕಣ್ಣಿಗೆ ಖನ್ನ್, ಹಲ್ಲಿಗೆ ಪಲ್ಲ್, ನೀನು ಅನ್ನೋಕೆ ನೀನ್. ಹೊರಗಿನವರು ಅಂದುಕೊಂಡವರ ಬಾಯಲ್ಲಿ ನಮ್ಮ 'ನೀನು' ಇತ್ತು. "ಯಾರ ಪೈಕಿ ಅಂತ ನಾನೇ ಕೇಳಬೇಕಿತ್ತು" ಅಂತ ಅಂಕಲ್ ತಮಾಷೆ ಮಾಡಿದರು.

ಇನ್ನೊಂದು ನೆಂಟಸ್ತಿಕೆಯೂ ಇದೆ. ನಮ್ಮ ಕಡೆಯ ಸಭೆಗಳು ಬಾಸೆಲ್ ಮಿಷನ್‌ನವು. ಅವರು 1834ರಲ್ಲಿ ಮಂಗಳೂರಿಗೆ ಬಂದರು, ಮುಂದೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿ ಕಡೆಗೂ. ಅವಳ ಊರಿನದು ಲೂಥರನ್ ಸಭೆ. ಜರ್ಮನಿಯ ಗೋಸ್ನರ್ ಮಿಷನ್‌ನವರು 1845ರಲ್ಲಿ ರಾಂಚಿಗೆ ಬಂದು ಶುರು ಮಾಡಿದ್ದು. ಕೆಲವು ರಾಗಗಳು ಇಬ್ಬರಿಗೂ ಗೊತ್ತು, ಪದ ಮಾತ್ರ ಬೇರೆ ಬೇರೆ. ಅವರು ಕೊನೆಯ ಬೆಂಚಿನಲ್ಲಿ ಬಾಯಿ ಮುಚ್ಚಿಕೊಂಡು ಗುನುಗ್ತಿದ್ದುದು ಇದನ್ನೇ. ನಾವು ತಿರುಗಿ ನೋಡಿದ್ದರೆ ಯಾವತ್ತೋ ಗೊತ್ತಾಗ್ತಿತ್ತು.

ಕುಡುಖ್‌ನಲ್ಲಿ ನನಗೆ ಹಿಡಿಸಿದ್ದು ಇನ್ನೂ ಒಂದಿದೆ. ನಾವು ಮಾತಾಡೋ ಕನ್ನಡದಲ್ಲಿ 'ನಾವು' ಒಂದೇ. ಅವರಲ್ಲಿ ಎರಡು. ಎದುರಿಗಿರುವ ನಿನ್ನನ್ನೂ ಸೇರಿಸಿ ನಾವು ಅನ್ನೋಕೆ 'ನಾಮ್'. ನಿನ್ನನ್ನು ಬಿಟ್ಟು ನಾವು ಅನ್ನೋಕೆ 'ಏಮ್'. "ನಾವು ಇವತ್ತು ಊಟ ಮಾಡ್ತೀವಿ" ಅಂದರೆ ನಿನಗೆ ತಟ್ಟೆ ಇದೆಯೋ ಇಲ್ಲವೋ ಅಂತ ಆ ಒಂದು ಪದದಲ್ಲೇ ಗೊತ್ತಾಗುತ್ತೆ. "ನಮ್ಮ ಸಭೆಗೆ ಎಲ್ಲರಿಗೂ ಸ್ವಾಗತ" ಅಂತ ನಾನು ಬಾಗಿಲಿಗೆ ಬೋರ್ಡ್ ಹಾಕಿಸಿದ್ದೆ. ಅದರಲ್ಲಿದ್ದದ್ದು ಯಾವ 'ನಾವು' ಅಂತ ಈಗ ಗೊತ್ತು.

ಎಲ್ಲಾ ಚೆನ್ನಾಗಾಯ್ತು ಅಂತ ಮುಗಿಸೋಕೆ ಆಗಲ್ಲ. ಮೂವರಲ್ಲಿ ಒಬ್ಬಳು ಫೆಬ್ರವರಿಯಲ್ಲಿ ಊರಿಗೆ ಹೋದವಳು ವಾಪಸ್ ಬರಲಿಲ್ಲ. ಬೆನ್ನುನೋವು, ಹೊಲಿಗೆ ಆಗಲ್ಲ ಅಂದಳಂತೆ. ಅವಳಿಗೆ ಸರಿಯಾಗಿ ಬೀಳ್ಕೊಡಲೂ ಆಗಲಿಲ್ಲ. ಕಾಣಿಕೆ ಎಣಿಸುವ ದೊಡ್ಡವಳಿಗೆ ವಾರ್ಷಿಕ ಸಭೆಯಲ್ಲಿ ಇನ್ನೂ ಮತ ಇಲ್ಲ. ಸದಸ್ಯರ ಪಟ್ಟಿಗೆ ಹೆಸರು ಸೇರಬೇಕಾದರೆ ಊರಿನ ಸಭೆಯಿಂದ ಪತ್ರ ಬೇಕು. ಬರೆದು ಕಾಯ್ತಿದ್ದೀವಿ. ಸೌಟು ಕೊಟ್ಟಿದ್ದೀವಿ, ಎಷ್ಟು ಅಕ್ಕಿ ಹಾಕಬೇಕು ಅಂತ ತೀರ್ಮಾನ ಮಾಡೋ ಕಡೆ ಅವರಿಗಿನ್ನೂ ಕುರ್ಚಿ ಹಾಕಿಲ್ಲ. ಮುಂದಿನ ಕಮಿಟಿ ಸಭೆಯಲ್ಲಿ ಈ ವಿಷಯ ಎತ್ತೋದಾಗಿ ಖಜಾಂಚಿ ಅಂಕಲ್ ಹೇಳಿದ್ದಾರೆ. ಹೌದು, ಅವರೇ.

ಕ್ಯೂಆರ್ ಕೋಡ್ ತೆಗೆದಿಲ್ಲ, ಅದೂ ಇರಲಿ. ಆದರೆ ನಮ್ಮ ತಂಡದ ನಿಯಮ ಈಗ ಒಂದೇ: ಮೊದಲು ಹೆಸರು ಕೇಳು, ನಿನ್ನ ಹೆಸರು ಹೇಳು, ಪಕ್ಕದಲ್ಲಿ ಕೂರು. ಸಂಸ್ಕಾರದ ದಿನ ನಾನು ಕೊನೆಯ ಬೆಂಚಿನಲ್ಲಿ ಕೂರ್ತೀನಿ.

ಹೋದ ತಿಂಗಳು ಆರಾಧನೆ ಶುರುವಾಗೋ ಹೊತ್ತಿಗೆ ಬಾಗಿಲ ಹೊರಗೆ ಒಬ್ಬ ಹುಡುಗ ನಿಂತಿದ್ದ. ಡೆಲಿವರಿ ಕಂಪನಿಯ ಟೀ ಶರ್ಟ್, ಕೈಯಲ್ಲಿ ಹೆಲ್ಮೆಟ್. ಒಳಗೆ ಬರಲೋ ಬೇಡವೋ ಅಂತ ನೋಡ್ತಿದ್ದ. ನಾನು ಏಳೋಷ್ಟರಲ್ಲಿ ದೊಡ್ಡವಳು ಎದ್ದು ಹೋಗಿದ್ದಳು. ಅವಳ ಕನ್ನಡಕ್ಕೆ ಈಗ ನನ್ನ ಬೆಟಗೇರಿ ಮಾತು ಸ್ವಲ್ಪ ಅಂಟಿದೆ.

"ಬರ್ರಿ ಅಣ್ಣ, ಒಳಗ ಬರ್ರಿ. ಇಲ್ಲಿ ಕೂಡ್ರಿ" ಅಂದಳು.

ಹುಡುಗನ ಮುಖ ಅರಳಿತು. ಅವನು ಕಲಬುರಗಿಯವನು. ಬೆಂಗಳೂರಿಗೆ ಬಂದು ಎರಡು ತಿಂಗಳಾಗಿತ್ತಂತೆ. ನಮ್ಮ ಕಡೆ ಮಾತಿನಲ್ಲಿ ಅವನನ್ನು ಕೂರಿಸಿದ ಮೊದಲನೆಯವಳು ಅವಳೇ ಅಂತೆ.